ಬುತ್ತಿ ಕಟ್ಟಿ ಕಳಿಸುವ ತಂತ್ರಾಂಶ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿಗೆ ಹತ್ತಿ ಹೊಸದಲ್ಲ. ಇಲ್ಲಿ ಬೆಳೆದ ದೇಶಿ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ ಅಲ್ಲಿಂದ ಮುಂಬಯಿ ಸೇರುತ್ತಿತ್ತು. ಹಾಗಾಗಿ ಬೆಳೆದದ್ದು ಧಾರವಾಡದ ನೆಲದಲ್ಲಾದರೂ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಕರೆಸಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾದ ಉದ್ದನೆಯ ಎಳೆಯ ಹತ್ತಿಯನ್ನು ಭಾರತದಲ್ಲೇ ಬೆಳೆಯಬೇಕೆಂಬುದು ಅದರ ಹಂಚಿಕೆ. ಹಲವು ಕಡೆ ಸೋತ ಈ ಪ್ರಯೋಗ ಧಾರವಾಡ ಜಿಲ್ಲೆಯಲ್ಲಿ ಮಾತ್ರ ಬೇರು ಬಿಟ್ಟಿತು. ಆಗ ಕಲೆಕ್ಟರ್ ಆಗಿದ್ದ ಶಾ ಅವರ ಪಟ್ಟು ಇದಕ್ಕೆ ಒಂದು ಕಾರಣ, ಇಲ್ಲಿನ ಮಣ್ಣು ಮತ್ತು ಹವೆ ಇನ್ನೊಂದು. ಇವೆರಡಕ್ಕಿಂತ ಕಡಿಮೆ ಚರ್ಚೆಯಾದ ಮೂರನೆಯ ಕಾರಣವೂ ಇದೆ. ಅಮೆರಿಕದಿಂದ ಬಂದ ನ್ಯೂ ಆರ್ಲಿಯನ್ಸ್ ಹತ್ತಿಯ ಕಾಳಿಗೆ ಅರಳೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಕಾಳು ಬಿಡಿಸುವ ಇಲ್ಲಿನ ಹೆಣ್ಣುಮಕ್ಕಳ ಸಾಧನಕ್ಕೆ ಅದು ಬಗ್ಗುವಂಥದ್ದಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ನು ಬೇಕು, ಜಿನ್ನಿನ ಗರಗಸ ಸವೆದರೆ ಹರಿತ ಮಾಡಲು ಬಡಗಿ ಕಮ್ಮಾರರು ಬೇಕು, ಮುರಿದರೆ ಬಿಡಿಭಾಗ ಬೇಕು. ಸರ್ಕಾರ ಧಾರವಾಡದಲ್ಲಿ ಜಿನ್ನು ತಯಾರಿಸುವ, ದುರಸ್ತಿ ಮಾಡುವ ಕಾರ್ಖಾನೆಯನ್ನೇ ತೆರೆಯಬೇಕಾಯಿತು. ಬರಿಯ ಬೀಜ ಹಂಚಿದ್ದರೆ ಆ ಹತ್ತಿ ಒಂದು ಹಂಗಾಮಿನಲ್ಲೇ ಮುಗಿಯುತ್ತಿತ್ತು. ಬೀಜಕ್ಕೆ ಬೇಕಾದ ಯಂತ್ರ, ಯಂತ್ರಕ್ಕೆ ಬೇಕಾದ ಕಾರ್ಖಾನೆ ಎರಡೂ ಜಿಲ್ಲೆಯೊಳಗೆ ಬಂದದ್ದರಿಂದ ಅದು ಉಳಿಯಿತು. ಲಿವರ್‌ಪೂಲಿನ ವ್ಯಾಪಾರಿಗಳು ಈ ಅರಳೆಯನ್ನು ಗುರುತಿಸುತ್ತಿದ್ದುದೂ ಬೀಜದ ಹೆಸರಿನಿಂದಲ್ಲ, ‘ಗರಗಸದಲ್ಲಿ ಬಿಡಿಸಿದ ಧಾರವಾಡ’ ಎಂದು.

ಈ ಚರಿತ್ರೆಯ ಎರಡನೆಯ ಅರ್ಧ ಅಷ್ಟು ಹಿತವಾದದ್ದಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿಯ ಬೆಲೆ ಗಗನಕ್ಕೇರಿದಾಗ ಅಮೆರಿಕನ್ ಹತ್ತಿ ಮತ್ತು ಕುಮಟಾ ಹತ್ತಿ ಅಂಡಿಗೆಗಳಲ್ಲಿ ಬೆರೆತವು, ಜಿನ್ನುಗಳಲ್ಲಿ ಕಾಳುಗಳೂ ಬೆರೆತವು. ಯಾವ ಚೀಲದಲ್ಲಿ ಏನಿದೆಯೆಂದು ಕೊಳ್ಳುವವನಿಗೂ ತಿಳಿಯದು, ಬಿತ್ತುವವನಿಗೂ ತಿಳಿಯದು. ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯುವ ಕಾಯ್ದೆ ತಂದು ತಪಾಸಣೆಗೆ ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. ಬೆರೆತ ಬೀಜವನ್ನು ಮತ್ತೆ ಬೇರ್ಪಡಿಸುವ ಕೆಲಸ ಮಾತ್ರ ದಶಕಗಳ ಕಾಲ ನಡೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರ ಅವರಂಥ ತಳಿ ತಜ್ಞರು ಕೂತು ಒಂದೊಂದೇ ಗಿಡ ಆರಿಸಿ ಶುದ್ಧ ಸಾಲುಗಳನ್ನು ಕಟ್ಟಬೇಕಾಯಿತು. ಧಾರವಾಡ 1, ಗದಗ 1 ಎಂಬ ತಳಿಗಳು ಇಂಥ ಆಯ್ಕೆಯಿಂದ ಬಂದವು. ತಳಿಯ ಹೆಸರಿಗೆ ಊರು ಮತ್ತು ಸಂಖ್ಯೆ ಎರಡೂ ಸೇರಿದ್ದನ್ನು ಗಮನಿಸಬೇಕು. ಇದು ಯಾವುದು, ಎಲ್ಲಿಂದ ಬಂತು, ಎಷ್ಟನೆಯದು ಎಂದು ಹೇಳಲು ಬಂದರೆ ಮಾತ್ರ ಅದನ್ನು ಸುಧಾರಿಸಲು ಬರುತ್ತದೆ.

ಹತ್ತಿಯ ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದಿರುವ ಒಂದು ಜಗಳ ಇದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಯಾವ ತಂತ್ರಾಂಶವೂ ಒಂಟಿಯಲ್ಲ. ಅಕ್ಷರ ಜೋಡಿಸಲು ಒಂದು ಲೈಬ್ರರಿ, ಕಡತ ಕುಗ್ಗಿಸಲು ಇನ್ನೊಂದು, ಚಿತ್ರ ಓದಲು ಮತ್ತೊಂದು ಎಂದು ಬೇರೆಯವರು ಬರೆದ ಹತ್ತಾರು ಕೋಡುಗಳ ಮೇಲೆ ಅದು ನಿಂತಿರುತ್ತದೆ. ತಂತ್ರಾಂಶವನ್ನು ಬಿಡುಗಡೆ ಮಾಡುವಾಗ ಈ ಅವಲಂಬನೆಗಳ ಸೋರ್ಸ್ ಕೋಡನ್ನೂ ಅದೇ ಪ್ಯಾಕೇಜಿನೊಳಗೆ ಸೇರಿಸಿ ಕೊಡಬೇಕೋ, ‘ಇವು ನಿಮ್ಮಲ್ಲಿ ಇರಲಿ’ ಎಂದು ಹೆಸರು ಬರೆದು ಬಿಡಬೇಕೋ? ಹೊಲಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ಮೊದಲ ರೀತಿ, ದಾರಿಯಲ್ಲಿ ಖಾನಾವಳಿ ಇದೆ ಎಂದು ಹೇಳಿ ಕಳಿಸುವುದು ಎರಡನೆಯದು. ಖಾನಾವಳಿ ಇರುವ ಊರಿನವರಿಗೆ ಬುತ್ತಿ ಬೇಡದ ಹೊರೆಯಾಗಿ ಕಾಣುವುದು ಸಹಜ. ನನ್ನ ವಾದ ಇಷ್ಟು: ದಾರಿಯ ಕೊನೆಯಲ್ಲಿರುವವರ ದೃಷ್ಟಿಯಿಂದ ನೋಡಿದರೆ ಜೊತೆಗೆ ಕಟ್ಟಿ ಕಳಿಸುವ ಪದ್ಧತಿಯೇ ಸರಿ. ಆದರೆ ಕಟ್ಟಿದ್ದು ಏನೆಂದು ಹೆಸರು ಮತ್ತು ಆವೃತ್ತಿ ಸಹಿತ ಬರೆದಿರಬೇಕು, ಅದರ ತಿದ್ದುಪಡಿ ಮೂಲದಲ್ಲೇ ನಡೆಯಬೇಕು, ಬೇಡವಾದವರಿಗೆ ಅದನ್ನು ತೆಗೆದಿಡಲು ಬರಬೇಕು. ಕನ್ನಡ ಅಕ್ಷರಗಳು ಕಂಪ್ಯೂಟರಿಗೆ ಬಂದ ಚರಿತ್ರೆ ಇದಕ್ಕೆ ಸಾಕ್ಷಿ ಒದಗಿಸುತ್ತದೆ.

ಈ ಪದ್ಧತಿ ಸೋಮಾರಿ ಪ್ರೋಗ್ರಾಮರುಗಳು ಹುಟ್ಟುಹಾಕಿದ್ದೆಂಬ ಮಾತಿದೆ. ದಾಖಲೆ ಹಾಗೆ ಹೇಳುವುದಿಲ್ಲ. 1991ರ ಜಿಎನ್‌ಯು ಜನರಲ್ ಪಬ್ಲಿಕ್ ಲೈಸೆನ್ಸಿನ ಎರಡನೆಯ ಆವೃತ್ತಿ ಪೂರ್ಣ ಸೋರ್ಸ್ ಎಂದರೇನೆಂದು ವಿವರಿಸುವಾಗ, ಪ್ರೋಗ್ರಾಮಿನ ಎಲ್ಲ ಭಾಗಗಳ ಜೊತೆಗೆ ಅದನ್ನು ಕಟ್ಟಲು ಮತ್ತು ಸ್ಥಾಪಿಸಲು ಬೇಕಾದ ಸ್ಕ್ರಿಪ್ಟುಗಳನ್ನೂ ಸೇರಿಸುತ್ತದೆ. ಕಾರ್ಯಾಚರಣೆ ವ್ಯವಸ್ಥೆಯ ಜೊತೆ ಮಾಮೂಲಾಗಿ ಬರುವ ಮುಖ್ಯ ಭಾಗಗಳಿಗೆ ಮಾತ್ರ ವಿನಾಯಿತಿ. ಪಡೆದವನು ತಾನೇ ಕಟ್ಟಿಕೊಳ್ಳಲು ಶಕ್ತನಾಗಬೇಕೆಂಬುದು ಅದರ ಹಿಂದಿನ ನ್ಯಾಯ. ತಂತ್ರಾಂಶದ ಸಂದೇಶಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ತೋರಿಸುವ ಗೆಟ್‌ಟೆಕ್ಸ್ಟ್ ಎಂಬ ಸಾಧನವನ್ನೇ ನೋಡಬಹುದು. ಯುನಿಕ್ಸಿನ ಹಲವು ತಳಿಗಳಲ್ಲಿ ಅದು ಇರಲಿಲ್ಲ. ಆದ್ದರಿಂದ ಅದರ ಸೋರ್ಸನ್ನು ಒಂದು ಪ್ರತ್ಯೇಕ ಕಡತಕೋಶವಾಗಿ ಅದನ್ನು ಬಳಸುವ ತಂತ್ರಾಂಶಗಳ ಬಿಡುಗಡೆಯೊಳಗೇ ಇಡುವ ರೂಢಿ ಬೆಳೆಯಿತು. ಇಂಗ್ಲಿಷ್ ಬಾರದವನಿಗೂ ಅವನ ಭಾಷೆಯಲ್ಲಿ ಸಂದೇಶ ಕಾಣಲೆಂದು ಮಾಡಿದ ಏರ್ಪಾಡು ಅದು. ಎಲ್ಲ ಕಡೆ ಆ ಸೌಲಭ್ಯ ಬಂದ ಮೇಲೆ ಗೆಟ್‌ಟೆಕ್ಸ್ಟ್ ಆ ರೂಢಿಯನ್ನು ಕೈಬಿಟ್ಟಿತು. ಅಗತ್ಯ ಇದ್ದಾಗ ಕಟ್ಟುವುದು, ತೀರಿದಾಗ ಬಿಚ್ಚುವುದು, ಎರಡನ್ನೂ ಅದನ್ನು ಕಟ್ಟಿದವರೇ ಮಾಡಿದರು.

ನಮ್ಮ ಕಡೆ ಮುಕ್ತ ತಂತ್ರಾಂಶ ಬಂದ ಬಗೆಯೂ ಕಟ್ಟಿನ ರೂಪದ್ದೇ. 1990ರ ದಶಕದ ನಡುವಿನಿಂದ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಡುತ್ತಿತ್ತು. 2003ರಲ್ಲಿ ಶುರುವಾದ ಲಿನಕ್ಸ್ ಫಾರ್ ಯೂ ಪತ್ರಿಕೆ ಅದೇ ದಾರಿ ಹಿಡಿಯಿತು. 2005ರಿಂದ 2011ರವರೆಗೆ ಉಬುಂಟು ಎಂಬ ಲಿನಕ್ಸ್ ವಿತರಣೆ ಕೇಳಿದವರಿಗೆಲ್ಲ ಅಂಚೆಯಲ್ಲಿ ಬಿಟ್ಟಿ ಸಿಡಿ ಕಳಿಸುತ್ತಿತ್ತು. ಟೆಲಿಫೋನ್ ತಂತಿಯ ಮೇಲೆ ಗಂಟೆಗಟ್ಟಲೆ ಕಾಯಬೇಕಾದ ಕಾಲದಲ್ಲಿ ನವಲಗುಂದದಂಥ ತಾಲ್ಲೂಕು ಕೇಂದ್ರಕ್ಕೆ ಒಂದು ಇಡೀ ಕಂಪ್ಯೂಟರ್ ವ್ಯವಸ್ಥೆ ತಲುಪುವ ಭರವಸೆಯ ದಾರಿ ಅಂಚೆಯವನ ಚೀಲವೇ ಆಗಿತ್ತು. ಆ ಸಿಡಿಯಲ್ಲಿ ಇಲ್ಲದ್ದು ಆ ಊರಿನಲ್ಲಿ ಇಲ್ಲವೆಂದೇ ಅರ್ಥ. ಒಂದು ಲೈಬ್ರರಿ ತಪ್ಪಿದರೆ ಅದನ್ನು ಬೇಡುವ ತಂತ್ರಾಂಶವೂ ನಿಂತುಹೋಗುತ್ತಿತ್ತು.

ಕನ್ನಡದ ಅವಲಂಬನೆ ಇದಕ್ಕಿಂತ ಆಳದ್ದು. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತಾದರೂ ಊರೂರಿನ ಡಿಟಿಪಿ ಕೇಂದ್ರಗಳಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ್, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೇ ಆಧಾರ. ಇವುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂಡಿಸಲಾಗಿತ್ತು. ತಲೆಕಟ್ಟು, ಕೊಂಬು, ಒತ್ತು ಪ್ರತಿಯೊಂದಕ್ಕೂ ಒಂದು ಸ್ಥಾನ, ಮತ್ತು ಈ ಹಂಚಿಕೆ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಹಾಗಾಗಿ ಕಡತದಲ್ಲಿ ಇದ್ದದ್ದು ಕನ್ನಡವೇ ಅಲ್ಲ. ಅದನ್ನು ಕನ್ನಡವಾಗಿಸುತ್ತಿದ್ದದ್ದು ಫಾಂಟು. ಮದುವೆಯ ಲಗ್ನಪತ್ರಿಕೆಯೋ ಜಾತ್ರೆಯ ಕರಪತ್ರವೋ ಕುಂದಗೋಳದಲ್ಲಿ ಟೈಪಾಗಿ ಹುಬ್ಬಳ್ಳಿಯಲ್ಲಿ ಅಚ್ಚಾಗಬೇಕೆಂದರೆ ಫ್ಲಾಪಿಯಲ್ಲಿ ಕಡತದ ಜೊತೆ ಫಾಂಟನ್ನೂ ತುಂಬಿ ಒಯ್ಯಬೇಕು, ಇಲ್ಲವೇ ಆ ಪ್ರೆಸ್ಸಿನಲ್ಲಿ ಅದೇ ತಂತ್ರಾಂಶ ಇರಬೇಕು. ಫಾಂಟ್ ಮರೆತರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ, ಆವರಣ ಚಿಹ್ನೆಗಳ ರಾಶಿ. ಕನ್ನಡಿಗರು ಅವಲಂಬನೆಯನ್ನು ಜೊತೆಗೆ ಕಟ್ಟಿ ಒಯ್ಯುವ ಪಾಠ ಕಲಿತದ್ದು ಹೀಗೆ, ಯಾವ ಸಿದ್ಧಾಂತದ ನೆರವೂ ಇಲ್ಲದೆ.

ಇದೇ ಕಾಲದಲ್ಲಿ ಭೂಮಿ ಯೋಜನೆ ನಡೆಯಿತು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು, ಕೈಬರಹದ ಪಹಣಿ ನಿಂತಿತ್ತು. ಕಲಘಟಗಿ, ಕುಂದಗೋಳ, ಆಗ ಅಣ್ಣಿಗೇರಿಯನ್ನೂ ಒಳಗೊಂಡಿದ್ದ ನವಲಗುಂದ ತಾಲ್ಲೂಕಿನ ರೈತರು 15 ರೂಪಾಯಿ ಕೊಟ್ಟು ಕಂಪ್ಯೂಟರ್ ಮುದ್ರಿಸಿದ ಕನ್ನಡದ ಹಾಳೆಯನ್ನು ಕೈಗೆ ಪಡೆದರು. ಹೊಲದ ಸರ್ವೆ ನಂಬರು, ಒಡೆಯನ ಹೆಸರು, ಬೆಳೆ, ಸಾಲದ ಬೋಜಾ ಎಲ್ಲ ಈಗ ಒಂದು ಯಂತ್ರ ಕನ್ನಡವನ್ನು ಸರಿಯಾಗಿ ಬಿಡಿಸುವುದರ ಮೇಲೆ ನಿಂತವು. ಒತ್ತಕ್ಷರ ತಪ್ಪಿ ಹೆಸರು ಬದಲಾದರೆ ಬ್ಯಾಂಕಿನಲ್ಲಿ ಸಾಲ ನಿಲ್ಲುತ್ತದೆ. ಇದು ಲಿಪಿಯ ಅಂದಚೆಂದದ ಮಾತಲ್ಲ ಎಂಬುದಕ್ಕೆ ಇಷ್ಟು ಸಾಕು.

ಯೂನಿಕೋಡ್ ಬಂದ ಮೇಲೆ ಫಾಂಟಿನ ಹಂಗು ತಪ್ಪಿತೆಂದು ಭಾವಿಸುವವರಿದ್ದಾರೆ. ತಪ್ಪಿದ್ದು ಅರ್ಧ ಮಾತ್ರ. ಯೂನಿಕೋಡಿನಲ್ಲಿ ‘ಧರ್ಮ’ ಎಂಬ ಪದದಲ್ಲಿ ರ, ಹಲಂತ ಚಿಹ್ನೆ, ಮ ಎಂದು ಉಚ್ಚಾರದ ಕ್ರಮದಲ್ಲೇ ಸಂಗ್ರಹವಾಗುತ್ತದೆ. ತೆರೆಯ ಮೇಲೆ ಮೊದಲು ಮ ಬಂದು ಅದರ ಬಲಕ್ಕೆ ಅರ್ಕಾವತ್ತು ಬರಬೇಕು. ಈ ಹಿಂದುಮುಂದು ಮಾಡುವ, ಒತ್ತನ್ನು ಕೆಳಗಿಳಿಸುವ, ಗುಣಿತದ ಚಿಹ್ನೆಯನ್ನು ಅಂಟಿಸುವ ಕೆಲಸಕ್ಕೆ ಒಂದು ಲಿಪಿ ಜೋಡಣೆಯ ಯಂತ್ರ ಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಅದು ಬಂದಿತ್ತು, ಆದರೆ ನಿದ್ದೆಯಲ್ಲಿತ್ತು. ಕಂಟ್ರೋಲ್ ಪ್ಯಾನೆಲಿನಲ್ಲಿ ಸಂಕೀರ್ಣ ಲಿಪಿಗಳ ಕಡತಗಳನ್ನು ಸ್ಥಾಪಿಸುವ ಒಂದು ಚೌಕಕ್ಕೆ ಗುರುತು ಹಾಕಿ ವಿಂಡೋಸಿನ ಮೂಲ ಸಿಡಿ ತುರುಕಿದರೆ ಮಾತ್ರ ಎದ್ದೇಳುತ್ತಿತ್ತು. ಆ ಸಿಡಿ ಮಾರಿದವನ ಬಳಿಯೇ ಉಳಿದಿರುವ ಸಣ್ಣ ಊರುಗಳಲ್ಲಿ ಕನ್ನಡದ ಜಾಲತಾಣ ತೆರೆದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಉದುರಿ ಕಾಣುತ್ತಿದ್ದವು. ಮುಂದೆ ಮೊಬೈಲಿನಲ್ಲೂ ಇದೇ ಪಾಡು. ಆಂಡ್ರಾಯ್ಡಿನಲ್ಲಿ ಕನ್ನಡಕ್ಕೆ ನೆಲೆ ಸಿಕ್ಕಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಓಪೆರಾ ಮಿನಿಯ ಒಳಗಿನ ಒಂದು ಗುಪ್ತ ಆಯ್ಕೆಯನ್ನು ಬದಲಿಸಿ, ದೂರದ ಸರ್ವರು ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುವಂತೆ ಮಾಡಿ ಕನ್ನಡ ಓದಿದವರು ಸಾವಿರಾರು. ಯಂತ್ರದಲ್ಲಿ ಇಲ್ಲದ್ದನ್ನು ಹೇಗಾದರೂ ಜೊತೆಗೆ ತರಿಸಿಕೊಳ್ಳಲೇಬೇಕಾಯಿತು.

ಜೊತೆಗೆ ಕಟ್ಟುವುದನ್ನು ವಿರೋಧಿಸುವವರ ಅತ್ಯಂತ ಬಲವಾದ ಸಾಕ್ಷಿಯೂ ಇದೇ ಲಿಪಿ ಜೋಡಣೆಯ ಚರಿತ್ರೆಯಲ್ಲಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಫ್ರೀಟೈಪ್ ಎಂಬ ಮುಕ್ತ ಲೈಬ್ರರಿಯ ಮೊದಲ ಆವೃತ್ತಿಯಲ್ಲಿ ಓಪನ್‌ಟೈಪ್ ಫಾಂಟಿನೊಳಗಿನ ಜೋಡಣೆಯ ಕೋಷ್ಟಕಗಳನ್ನು ಓದುವ ಕೋಡ್ ಇತ್ತು. ಎರಡನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪ್ ಬಳಸುವ ಪ್ಯಾಂಗೊ ಲೈಬ್ರರಿಯವರು ಆ ಕೋಡನ್ನು ತಮ್ಮೊಳಗೆ ನಕಲು ಮಾಡಿಕೊಂಡರು, ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಬಳಸುವ ಕ್ಯೂಟಿಯವರೂ ನಕಲು ಮಾಡಿಕೊಂಡರು. ಓಪನ್ಆಫೀಸ್ ಐಬಿಎಂ ಮೂಲದ ಐಸಿಯು ಲೈಬ್ರರಿಯ ಜೋಡಣೆಯ ಭಾಗವನ್ನು ನೆಚ್ಚಿತ್ತು, ಪ್ಯಾಂಗೊದ ಭಾರತೀಯ ಲಿಪಿಗಳ ಭಾಗವೂ ಐಸಿಯುವಿನಿಂದಲೇ ಎತ್ತಿಕೊಂಡದ್ದು. ಪ್ರತಿಯೊಬ್ಬರೂ ತಮ್ಮ ನಕಲನ್ನು ತಮಗೆ ತೋಚಿದಂತೆ ತಿದ್ದಿದರು. ಒಬ್ಬರು ಅರ್ಕಾವತ್ತಿನ ದೋಷ ಸರಿಪಡಿಸಿದರೆ ಇನ್ನೊಬ್ಬರಿಗೆ ಸುದ್ದಿಯೇ ಇಲ್ಲ. ಒಂದೇ ಕಂಪ್ಯೂಟರಿನಲ್ಲಿ, ಒಂದೇ ಫಾಂಟಿನಲ್ಲಿ, ಒಂದೇ ಪದ ಪಠ್ಯ ಸಂಪಾದಕದಲ್ಲಿ ಒಂದು ಬಗೆ, ಆಫೀಸ್ ತಂತ್ರಾಂಶದಲ್ಲಿ ಇನ್ನೊಂದು ಬಗೆ ಕಾಣಬಹುದಿತ್ತು. ದೋಷ ವರದಿ ಮಾಡಬೇಕಾದ ಕನ್ನಡಿಗ ಮೂರು ಬಾಗಿಲು ತಟ್ಟಬೇಕಿತ್ತು. ಕನ್ನಡ ಬಲ್ಲ ಪ್ರೋಗ್ರಾಮರುಗಳೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅವರ ಶ್ರಮ ಮೂರು ಪಾಲಾಯಿತು.

2006ರ ಹೊತ್ತಿಗೆ ಪ್ಯಾಂಗೊ ಮತ್ತು ಕ್ಯೂಟಿಯ ನಕಲುಗಳನ್ನು ಕೂಡಿಸಿ ಹಾರ್ಫ್‌ಬಜ್ ಎಂಬ ಸಮಾನ ಯೋಜನೆ ಮಾಡಿದರು. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಅದನ್ನು ಬುಡದಿಂದ ಹೊಸದಾಗಿ ಬರೆದರು. ಭಾರತೀಯ ಲಿಪಿಗಳ ಭಾಗವನ್ನು ಅವರು 2012ರ ಆಸುಪಾಸಿನಲ್ಲಿ ಪಳಗಿಸಿದ ರೀತಿ ಕನ್ನಡಿಗರು ತಿಳಿದಿರಬೇಕಾದದ್ದು. ಆಯಾ ಭಾಷೆಯ ವಿಕಿಪೀಡಿಯದಿಂದ ಪದಗಳನ್ನು ಎತ್ತಿ, ಪ್ರತಿಯೊಂದನ್ನೂ ತಮ್ಮ ಕೋಡಿನಿಂದ ಜೋಡಿಸಿ, ಮೈಕ್ರೋಸಾಫ್ಟಿನ ಯಂತ್ರ ಕೊಡುವ ಫಲಿತಾಂಶದ ಜೊತೆ ಹೋಲಿಸುತ್ತ ಹೋದರು. ಹಾಗೆ ಪರೀಕ್ಷೆಗೆ ಒಳಗಾದ ಕನ್ನಡ ಪದಗಳು ಒಂಬತ್ತು ಲಕ್ಷಕ್ಕೂ ಮಿಕ್ಕಿದ್ದವು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಪುಕ್ಕಟೆ ಕೂತು ಲೇಖನ ಬರೆದವರು ತಮಗೆ ಅರಿವಿಲ್ಲದೆಯೇ ಕನ್ನಡದ ಜೋಡಣೆಯನ್ನು ತಿದ್ದುವ ಒರೆಗಲ್ಲನ್ನು ಒದಗಿಸಿದ್ದರು. ಇಷ್ಟು ದೊಡ್ಡ ಪರೀಕ್ಷೆ ಸಾಧ್ಯವಾದದ್ದು ತಿದ್ದಬೇಕಾದ ಕೋಡ್ ಒಂದೇ ಕಡೆ ಇದ್ದುದರಿಂದ. ಮೂರು ನಕಲುಗಳ ಮೇಲೆ ಮೂರು ಸಲ ಇದನ್ನು ಯಾರೂ ಮಾಡುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ವಿರೋಧಿಗಳ ವಾದ ಗೆದ್ದಂತೆ. ಆದರೆ ಆ ಒಂದು ಕೋಡ್ ಜನರನ್ನು ತಲುಪಿದ್ದು ಹೇಗೆಂದು ಕೇಳಬೇಕು. ಫೈರ್‌ಫಾಕ್ಸ್ 2011ರ ನಾಲ್ಕನೆಯ ಆವೃತ್ತಿಯಿಂದಲೇ ಹಾರ್ಫ್‌ಬಜ್ ಸೋರ್ಸನ್ನು ತನ್ನೊಳಗೆ ಇಟ್ಟುಕೊಂಡಿತು, ನಂತರದ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೂ ಅದನ್ನೇ ಬಳಸಿತು. ಕ್ರೋಮಿನ ಮುಕ್ತ ರೂಪವಾದ ಕ್ರೋಮಿಯಂ ಮೂರನೆಯವರ ಕೋಡಿಗೆಂದೇ ಮೀಸಲಾದ ಕಡತಕೋಶದಲ್ಲಿ ಅದನ್ನಿಟ್ಟಿತು. ಲಿಬ್ರೆಆಫೀಸ್ 2013ರ 4.1 ಆವೃತ್ತಿಯಲ್ಲಿ ಲಿನಕ್ಸಿನ ಮಟ್ಟಿಗೆ ಐಸಿಯು ಬಿಟ್ಟು ಹಾರ್ಫ್‌ಬಜ್ ಹಿಡಿಯಿತು, 2017ರ 5.3 ಆವೃತ್ತಿಯಲ್ಲಿ ವಿಂಡೋಸ್ ಮತ್ತು ಮ್ಯಾಕಿನಲ್ಲೂ ಅದನ್ನೇ ತಂದಿತು. ವಿಂಡೋಸ್ ಬಳಸುವ ಕಚೇರಿಯಲ್ಲಿ ಹಾರ್ಫ್‌ಬಜ್ ತಾನಾಗಿ ಇರುವುದಿಲ್ಲ, ಅದನ್ನು ಬೇರೆಯಾಗಿ ಸ್ಥಾಪಿಸಿಕೊಳ್ಳಿ ಎಂದು ಗುಮಾಸ್ತರಿಗೆ ಹೇಳಲು ಬರುವುದೂ ಇಲ್ಲ. ಬ್ರೌಸರಿನೊಳಗೇ ಜೋಡಣೆಯ ಕೋಡ್ ಬಂದ ಮೇಲೆ ಆ ಬ್ರೌಸರಿನ ಮಟ್ಟಿಗೆ ಹಳೆಯ ಯಂತ್ರದ ಹಂಗು ತಪ್ಪಿತು. ಕಟ್ಟಿ ಕಳಿಸುವ ಪದ್ಧತಿ ಇರದಿದ್ದರೆ ತಿದ್ದಿದ ಕನ್ನಡ ತಿದ್ದಿದವರ ಲಿನಕ್ಸ್ ಯಂತ್ರಗಳಲ್ಲೇ ಉಳಿಯುತ್ತಿತ್ತು. ಮೊದಲಿನ ಪ್ಯಾಂಗೊ-ಕ್ಯೂಟಿ ನಕಲಿಗೂ ಈ ನಕಲಿಗೂ ಇರುವ ವ್ಯತ್ಯಾಸ ಒಂದೇ. ಅಲ್ಲಿ ನಕಲು ಮಾಡಿದವರು ಮೂಲವನ್ನು ಬಿಟ್ಟು ನಡೆದರು, ಇಲ್ಲಿ ದೋಷ ಕಂಡರೆ ಮೂಲದಲ್ಲಿ ತಿದ್ದಿಸಿ ಹೊಸ ಆವೃತ್ತಿಯನ್ನು ಮತ್ತೆ ಒಳಗೆ ತರುತ್ತಾರೆ. ನಕಲುಗಳು ಎಷ್ಟೇ ಇರಲಿ, ತಿದ್ದುವ ಮನೆ ಒಂದೇ ಇರಬೇಕು.

ಭದ್ರತೆಯ ಆಕ್ಷೇಪಕ್ಕೆ ಈಗ ಬರಬಹುದು. 2002ರ ಮಾರ್ಚಿನಲ್ಲಿ ಕಡತ ಕುಗ್ಗಿಸುವ ಜೀಲಿಬ್ ಲೈಬ್ರರಿಯಲ್ಲಿ ಒಂದು ಅಪಾಯಕಾರಿ ದೋಷ ಬಯಲಾಯಿತು. ವ್ಯವಸ್ಥೆಯಲ್ಲಿ ಒಂದೇ ಜೀಲಿಬ್ ಇದ್ದಿದ್ದರೆ ಅದೊಂದನ್ನು ಬದಲಿಸಿದರೆ ಮುಗಿಯುತ್ತಿತ್ತು. ಅದರ ಸೋರ್ಸನ್ನು ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ನುಂಗಿಕೊಂಡಿದ್ದವು, ಲಿನಕ್ಸಿನ ಕರ್ನಲ್ ಕೂಡ. ಯಾವುದರ ಹೊಟ್ಟೆಯಲ್ಲಿ ಯಾವ ಜೀಲಿಬ್ ಇದೆಯೆಂದು ಹುಡುಕುವುದೇ ದೊಡ್ಡ ಕೆಲಸವಾಯಿತು. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ತನ್ನ ನೀತಿಯಲ್ಲಿ ಹೀಗೆ ಒಳಗಿಟ್ಟ ನಕಲುಗಳನ್ನು ಬಳಸಕೂಡದೆಂದು ವಿಧಿಸಿದ್ದು, ಅಂಥ ನಕಲುಗಳ ಪಟ್ಟಿಯನ್ನೇ ಇಟ್ಟುಕೊಂಡದ್ದು ಇಂಥ ಅನುಭವಗಳಿಂದ. 2023ರ ಸೆಪ್ಟೆಂಬರಿನಲ್ಲಿ ಚಿತ್ರ ಓದುವ ಲಿಬ್‌ವೆಬ್‌ಪಿ ದೋಷ ಬಂದಾಗಲೂ ಕ್ರೋಮಿಯಂ ಅನ್ನು ಒಡಲಲ್ಲಿ ಹೊತ್ತ ಅಸಂಖ್ಯ ತಂತ್ರಾಂಶಗಳು ಒಂದೊಂದಾಗಿ ಹೊಸ ಬಿಡುಗಡೆ ಮಾಡಬೇಕಾಯಿತು. ಈ ಆಕ್ಷೇಪ ನಿಜ, ತೂಕದ್ದು. ಆದರೆ 2002ರ ತೊಂದರೆಯ ಬೇರು ನಕಲು ಇದ್ದುದಕ್ಕಿಂತ ಹೆಚ್ಚಾಗಿ ನಕಲಿಗೆ ಗುರುತು ಇಲ್ಲದಿದ್ದುದರಲ್ಲಿದೆ. 1863ರಲ್ಲಿ ಮುಂಬಯಿ ಸರ್ಕಾರವನ್ನು ಕಾಡಿದ್ದೂ ಹತ್ತಿ ಅಂಡಿಗೆಯಲ್ಲಿ ಕಟ್ಟಲ್ಪಟ್ಟದ್ದಲ್ಲ, ಅಂಡಿಗೆಯೊಳಗೆ ಏನಿದೆಯೆಂದು ಹೇಳಲು ಬಾರದ್ದು. ಡೆಬಿಯನ್ ನೀತಿಯೇ ಒಂದು ವಿನಾಯಿತಿ ಕೊಡುತ್ತದೆ: ನಕಲು ಮಾಡಿಕೊಳ್ಳಲೆಂದೇ ಬರೆದ ಕೋಡನ್ನು ಒಳಗಿಡಬಹುದು. ನಕಲು ತನ್ನಷ್ಟಕ್ಕೆ ಪಾಪವಲ್ಲವೆಂದು ಅತ್ಯಂತ ಕಟ್ಟುನಿಟ್ಟಿನವರೂ ಒಪ್ಪಿದಂತಾಯಿತು. ಅಷ್ಟೇ ಕಟ್ಟುನಿಟ್ಟಿದ್ದ ಇನ್ನೊಂದು ವಿತರಣೆ ಫೆಡೋರಾ 2015ರಲ್ಲಿ ತನ್ನ ನಿಷೇಧ ಸಡಿಲಿಸಿ, ಒಳಗೆ ಕಟ್ಟಿದ್ದರೆ ಪ್ಯಾಕೇಜಿನ ವಿವರದಲ್ಲಿ ಅದನ್ನು ಹೆಸರಿಸಿ ಘೋಷಿಸಬೇಕು ಎಂಬ ನಿಯಮಕ್ಕೆ ಬಂತು. ನನ್ನ ಮಟ್ಟಿಗೆ ಈ ಇಡೀ ವಿವಾದದಲ್ಲಿ ಅತ್ಯಂತ ವಿವೇಕದ ತೀರ್ಮಾನ ಅದು.

ಇಂಟರ್‌ನೆಟ್ ಎಲ್ಲ ಕಡೆ ಇರುವಾಗ ಕಟ್ಟುವ ಗೊಡವೆ ಏಕೆ, ಬೇಕಾದಾಗ ಎಳೆದುಕೊಂಡರಾಯಿತು ಎಂಬುದು ಇನ್ನೊಂದು ವಾದ. 2016ರ ಮಾರ್ಚಿನಲ್ಲಿ, ಪ್ರೋಗ್ರಾಮರುಗಳು ಕೋಡ್ ಹಂಚಿಕೊಳ್ಳುವ ಎನ್‌ಪಿಎಂ ಉಗ್ರಾಣದಿಂದ ಒಬ್ಬ ಪ್ರೋಗ್ರಾಮರ್ ತನ್ನ ಕೋಡುಗಳನ್ನು ಹಿಂತೆಗೆದುಕೊಂಡ. ಅದರಲ್ಲಿ ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಎಂಬುದೂ ಇತ್ತು. ಅದನ್ನು ನೆಚ್ಚಿದ್ದ ದೊಡ್ಡ ದೊಡ್ಡ ಯೋಜನೆಗಳು ಜಗತ್ತಿನ ಅತಿ ವೇಗದ ಜಾಲವಿರುವ ನಗರಗಳಲ್ಲೇ ಕಟ್ಟಲಾಗದೆ ನಿಂತವು. ತಮ್ಮ ಬಿಡುಗಡೆಯೊಳಗೆ ಆ ಹನ್ನೊಂದು ಸಾಲನ್ನು ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ. ಗೋ ಭಾಷೆ ಹಿಂದಿನ ವರ್ಷವೇ ಅವಲಂಬನೆಗಳ ಸೋರ್ಸನ್ನು ಯೋಜನೆಯೊಳಗೇ ಇಡುವ ಕಡತಕೋಶಕ್ಕೆ ಪ್ರಾಯೋಗಿಕವಾಗಿ ಜಾಗ ಕೊಟ್ಟಿತ್ತು. ನಗರಗಳ ಪಾಡೇ ಹೀಗಾದರೆ, ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಕಲಘಟಗಿಯ ಕಾಡಂಚಿನ ಹಳ್ಳಿಯ ಶಾಲೆಗೆ ‘ಎಳೆದುಕೊಳ್ಳಿ’ ಎಂದು ಹೇಳುವುದು ಪರಿಹಾರವಲ್ಲ. ಪೆನ್‌ಡ್ರೈವಿನಲ್ಲಿ ಬಂದದ್ದು ಪೆನ್‌ಡ್ರೈವಿನಿಂದಲೇ ಪೂರ್ತಿ ಕಟ್ಟಲು ಬರಬೇಕು. ಹತ್ತು ವರ್ಷ ಕಳೆದು ಆ ಉಗ್ರಾಣವೇ ಮುಚ್ಚಿದ್ದರೂ ಬರಬೇಕು. ಪಹಣಿಯಂಥ ದಾಖಲೆಗಳ ಆಯುಷ್ಯ ಯಾವ ಜಾಲತಾಣದ ಆಯುಷ್ಯಕ್ಕಿಂತಲೂ ದೊಡ್ಡದು.

ಮೂರನೆಯ ಆಕ್ಷೇಪ ಇತ್ತೀಚಿನದು, ಹೆಚ್ಚು ಚುಚ್ಚುವಂಥದ್ದು. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಕುಗ್ಗಿಸುವ ಸಾಧನದ 5.6.0 ಮತ್ತು 5.6.1 ಬಿಡುಗಡೆಗಳಲ್ಲಿ ಹಿಂಬಾಗಿಲು ಇರುವುದನ್ನು ಆಂಡ್ರೆಸ್ ಫ್ರಾಯಿಂಡ್ ಪತ್ತೆ ಹಚ್ಚಿದರು. ಹಿಂಬಾಗಿಲನ್ನು ಎಬ್ಬಿಸುವ ಸ್ಕ್ರಿಪ್ಟು ಎಲ್ಲರೂ ನೋಡುವ ಸಾರ್ವಜನಿಕ ಸೋರ್ಸ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಕಟ್ಟಿನಲ್ಲಿ ಹೆಚ್ಚು ಸಾಮಾನು ತುಂಬಿದಷ್ಟೂ ಬಚ್ಚಿಡಲು ಹೆಚ್ಚು ಜಾಗ ಎಂಬ ಮಾತನ್ನು ಅಲ್ಲಗಳೆಯಲಾಗದು. ಇದಕ್ಕೆ ಉತ್ತರ ಕಟ್ಟುವುದನ್ನು ನಿಲ್ಲಿಸುವುದಲ್ಲ, ಏಕೆಂದರೆ ಎಕ್ಸ್‌ಜೆಡ್ ತಾನೇ ಪ್ರತ್ಯೇಕ ಲೈಬ್ರರಿಯಾಗಿ ಲಿನಕ್ಸ್ ವ್ಯವಸ್ಥೆಗಳಿಗೆ ಹಂಚಿಕೆಯಾಗುತ್ತಿದ್ದ ಸಮಾನ ಅವಲಂಬನೆ. ಒಂದೇ ಕಡೆ ಇಟ್ಟರೆ ಸುರಕ್ಷಿತ ಎಂಬ ನಂಬಿಕೆಗೂ ಅದೇ ಘಟನೆಯಲ್ಲಿ ಪೆಟ್ಟು ಬಿದ್ದಿದೆ. ಕಟ್ಟಿನಲ್ಲಿರುವ ಪ್ರತಿಯೊಂದು ಕಡತವೂ ಸಾರ್ವಜನಿಕ ಭಂಡಾರದಲ್ಲಿರುವುದರ ತದ್ರೂಪವೆಂದು ಯಾರು ಬೇಕಾದರೂ ತಾಳೆ ನೋಡಲು ಸಾಧ್ಯವಾಗಬೇಕು. ತಾಳೆ ಆಗದ ಕಡತ ಒಂದಿದ್ದರೂ ಆ ಬಿಡುಗಡೆಯನ್ನು ಹೊರಗಿಡಬೇಕು. ಕೈಯಿಂದ ತಯಾರಿಸಿದ, ಮೂಲ ತೋರಿಸಲಾಗದ ಕಟ್ಟುಗಳ ಕಾಲ 2024ಕ್ಕೆ ಮುಗಿಯಿತೆಂದೇ ನನ್ನ ಅಭಿಪ್ರಾಯ.

ತೆಗೆದಿಡಲು ಬರಬೇಕೆಂಬ ಮಾತಿಗೆ ಕ್ಯೂಟಿ ಒಳ್ಳೆಯ ಉದಾಹರಣೆ. ಅದರ ಸೋರ್ಸಿನಲ್ಲಿ ಹಾರ್ಫ್‌ಬಜ್ ಇದೆ, ಕಟ್ಟುವಾಗ ಒಳಗಿನದನ್ನು ಬಳಸಬೇಕೋ ವ್ಯವಸ್ಥೆಯದನ್ನೋ ಎಂದು ಆರಿಸಲು ಒಂದು ಆಯ್ಕೆಯೂ ಇದೆ. ಲಿಬ್ರೆಆಫೀಸಿನಲ್ಲೂ ಹಾಗೆಯೇ. ಡೆಬಿಯನ್ನಿನವರು ತಮ್ಮದನ್ನು ಬಳಸುತ್ತಾರೆ, ವಿಂಡೋಸಿನವರಿಗೆ ಒಳಗಿನದು ಒದಗುತ್ತದೆ. ಎರಡು ಪಕ್ಷದವರೂ ಒಂದೇ ಬಿಡುಗಡೆಯಿಂದ ತಮಗೆ ಬೇಕಾದ್ದನ್ನು ಪಡೆಯುವಾಗ ಸಿದ್ಧಾಂತದ ಜಗಳ ಬಹುಪಾಲು ತಾನೇ ಕರಗುತ್ತದೆ.

ಕರ್ನಾಟಕದ ಮಟ್ಟಿಗೆ ಇದು ಬರಿಯ ಚರಿತ್ರೆಯಾಗಿ ಉಳಿಯಬಾರದು. ಅರವಿಂದ ವಿ. ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಫಾಂಟುಗಳು ಮುಕ್ತವಾಗಿ ಬಂದದ್ದರಿಂದಲೇ ಡೆಬಿಯನ್ ಅವನ್ನು ತನ್ನ ಪ್ಯಾಕೇಜುಗಳಲ್ಲಿ ಸೇರಿಸಿಕೊಳ್ಳಲು ಸಾಧ್ಯವಾಯಿತು, ಯಾವ ಕನ್ನಡ ತಂತ್ರಾಂಶವಾದರೂ ಅವನ್ನು ಇಂದು ತನ್ನೊಳಗೆ ಕಟ್ಟಿಕೊಳ್ಳಬಹುದು. ಸಾರ್ವಜನಿಕ ಹಣದಲ್ಲಿ ತಯಾರಾಗುವ ಪ್ರತಿಯೊಂದು ಕನ್ನಡ ತಂತ್ರಾಂಶವೂ ಹೀಗೆಯೇ ಬರಬೇಕು: ತನ್ನ ಸೋರ್ಸು, ತಾನು ನೆಚ್ಚಿದ ಲೈಬ್ರರಿಗಳ ಸೋರ್ಸು, ಫಾಂಟು, ಪ್ರತಿಯೊಂದರ ಪರವಾನಗಿ ಮತ್ತು ಆವೃತ್ತಿಯ ಪಟ್ಟಿ, ಜಾಲವಿಲ್ಲದ ಯಂತ್ರದಲ್ಲಿ ಅದನ್ನು ಕಟ್ಟುವ ಕನ್ನಡದ ಸೂಚನೆ ಇಷ್ಟೂ ಒಂದೇ ಕಟ್ಟಿನಲ್ಲಿ. ಟೆಂಡರಿನ ಷರತ್ತುಗಳಲ್ಲಿ ಇದನ್ನು ಬರೆಯಲು ಹೊಸ ಕಾನೂನು ಬೇಕಿಲ್ಲ. ಕನ್ನಡದಲ್ಲಿ ತಂತ್ರಾಂಶ ಬರೆಯುವ ಯುವಕ ಯುವತಿಯರು ಸರ್ಕಾರಕ್ಕೂ ಕಾಯಬೇಕಿಲ್ಲ. ನಿಮ್ಮ ಮುಂದಿನ ಬಿಡುಗಡೆಯನ್ನು ಪೆನ್‌ಡ್ರೈವಿಗೆ ಹಾಕಿ, ಇಂಟರ್‌ನೆಟ್ ತೆಗೆದ ಕಂಪ್ಯೂಟರಿನಲ್ಲಿ ಮೊದಲಿನಿಂದ ಕಟ್ಟಿ ನೋಡಿ. ಅಲ್ಲಿ ಕಟ್ಟಲು ಬಾರದಿದ್ದರೆ ಆ ಬಿಡುಗಡೆಯನ್ನು ಇನ್ನೂ ಹೊರಗೆ ಕಳಿಸಬೇಡಿ.